ಸಿ ಪ್ರೋಗ್ರಾಮಿನಲ್ಲಿ ಸ್ಟಾರ್ ಹಾಕಿ ಫೈಲು ಹುಡುಕೋದು: ಜೂನ್ ಫೈಲುಗಳ ಪ್ರಶ್ನೆಗೆ ಉತ್ತರ

ಸರ್, ನೀವು ಕೇಳಿರೋದು ಒಂದೇ ಪ್ರಶ್ನೆ ಥರ ಕಂಡರೂ ಅದರೊಳಗೆ ಮೂರು ತೊಂದರೆ ಗಂಟು ಬಿದ್ದಿವೆ. ರಾಸ್‌ಬೆರಿ ಪೈ ಮೇಲೆ ಮಳೆ ಮಾಪಕದ ಫೈಲುಗಳು ದಿನಕ್ಕೊಂದರಂತೆ ‘ಮಳೆ-2024-06-01.ಸಿಎಸ್‌ವಿ’ ಅನ್ನೋ ಥರದ ಹೆಸರಲ್ಲಿ ಬೀಳ್ತಿವೆ, ಅದರಲ್ಲಿ ಜೂನ್ ತಿಂಗಳದ್ದು ಮಾತ್ರ ಓದಿ ಕೂಡಿಸಬೇಕು. ಹೆಸರಿನೊಳಗೆ ಒಂದು ತುಂಡು ಇದೆಯಾ ಅಂತ ನೋಡೋ ಎಸ್‌ಟಿಆರ್‌ಎಸ್‌ಟಿಆರ್‌ನಲ್ಲಿ ‘-06’ ಹುಡುಕಿದರೆ ಎಲ್ಲಾ ತಿಂಗಳ ಆರನೇ ತಾರೀಕೂ ಬಂತು. ಹೆಸರು ಒಂದು ಪ್ಯಾಟರ್ನಿಗೆ (ಸ್ಟಾರ್ ಅಂದ್ರೆ ಎಷ್ಟಾದರೂ ಅಕ್ಷರ, ಪ್ರಶ್ನೆ ಚಿಹ್ನೆ ಅಂದ್ರೆ ಒಂದು ಅಕ್ಷರ, ಹೀಗೆ ಬರೆದ ಹೆಸರಿನ ಅಚ್ಚು) ಹೊಂದುತ್ತಾ ಅಂತ ನೋಡೋ ಎಫ್‌ಎನ್‌ಮ್ಯಾಚ್ ಹಾಕಿದರೆ ಜೂನ್ ಬಿಟ್ಟು ಮಿಕ್ಕಿದ್ದೆಲ್ಲಾ ಬಂತು. ಪ್ಯಾಟರ್ನನ್ನ ಕಮಾಂಡ್ ಲೈನಿನಿಂದ ಕೊಟ್ಟರೆ ಒಂದೇ ಫೈಲು ಓದಿ ಪ್ರೋಗ್ರಾಮ್ ನಿಂತಿತು. ಇಷ್ಟೇ ತಾನೇ?

ಕೋಡಿನ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತಿದ್ದೀನಿ, ಹೇಳಿಕೊಂಡು ಓದಿದರೆ ಗೊತ್ತಾಗುತ್ತೆ. ಫ್ಲ್ಯಾಗುಗಳೆಲ್ಲಾ ಕ್ಯಾಪಿಟಲ್ ಅಕ್ಷರ, ನಡುವೆ ಅಂಡರ್‌ಸ್ಕೋರ್.

ಕೊನೇದರಿಂದ ಶುರು ಮಾಡ್ತೀನಿ, ಯಾಕಂದ್ರೆ ತಲೆ ಕೆಡಿಸೋದು ಅದೇ. ಲಿನಕ್ಸಿನಲ್ಲಿ ಕಮಾಂಡಿನ ಮುಂದೆ ಸ್ಟಾರ್ ಕೊಟ್ಟರೆ ಅದನ್ನ ಬಿಡಿಸೋದು, ಅಂದ್ರೆ ಹೊಂದೋ ಫೈಲುಗಳ ಹೆಸರಾಗಿ ಬದಲಿಸೋದು, ನಿಮ್ಮ ಪ್ರೋಗ್ರಾಮ್ ಅಲ್ಲ, ನೀವು ಟೈಪ್ ಮಾಡಿದ ಕಮಾಂಡ್ ಓಡಿಸೋ ಶೆಲ್. ನಿಮ್ಮ ಮೈನ್ ಶುರುವಾಗೋ ಹೊತ್ತಿಗೆ ಸ್ಟಾರ್ ಮಾಯವಾಗಿ, ಕಮಾಂಡ್ ಲೈನಿನ ಪದಗಳು ಬರೋ ಆರ್ಗ್‌ವಿ ಪಟ್ಟಿ ತುಂಬಾ ಫೈಲುಗಳ ಹೆಸರೇ ಇರುತ್ತೆ. ನೀವು ಆರ್ಗ್‌ವಿ[1] ಒಂದನ್ನೇ ಪ್ಯಾಟರ್ನ್ ಅಂತ ತಗೊಂಡಿದ್ದೀರಿ. ಅಲ್ಲಿರೋದು ಜೂನ್ ಒಂದನೇ ತಾರೀಕಿನ ಫೈಲಿನ ಹೆಸರು. ಅದರಲ್ಲಿ ಸ್ಟಾರೂ ಇಲ್ಲ, ಪ್ರಶ್ನೆ ಚಿಹ್ನೆಯೂ ಇಲ್ಲ, ಹಾಗಾಗಿ ಅದು ತನಗೆ ತಾನೇ ಹೊಂದಿತು, ಒಂದೇ ಫೈಲು ಬಂತು. ಪ್ರೋಗ್ರಾಮ್ ತಪ್ಪೇನೂ ಮಾಡಿಲ್ಲ.

ಇದಕ್ಕೆ ಎರಡು ದಾರಿ. ಪ್ಯಾಟರ್ನನ್ನ ಸಿಂಗಲ್ ಕೋಟ್ ಒಳಗೆ ಹಾಕಿ ಕೊಟ್ಟರೆ ಶೆಲ್ ಮುಟ್ಟೋದಿಲ್ಲ, ಪ್ಯಾಟರ್ನ್ ಹಾಗೇ ನಿಮ್ಮ ಕೈಗೆ ಬರುತ್ತೆ. ಇಲ್ಲಾ, ಶೆಲ್ಲೇ ಬಿಡಿಸಲಿ ಅಂತ ಬಿಟ್ಟು ಆರ್ಗ್‌ವಿ[1]ರಿಂದ ಕೊನೇವರೆಗೂ ಲೂಪ್ ಹೊಡೆಯಿರಿ, ಪ್ಯಾಟರ್ನ್ ಹೊಂದಿಸೋ ಕೋಡೇ ಬೇಡ. ಎರಡನೇದು ಸುಲಭ, ಆದರೆ ಫೈಲುಗಳು ಸಾವಿರಗಟ್ಟಲೆ ಆದಾಗ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅಂತ ಒಂದಿನ ಕೈ ಕೊಡಬಹುದು. ಇನ್ನೊಂದು ವಿಚಿತ್ರ ಇದೆ: ಕೋಟ್ ಹಾಕದೆ ಕೊಟ್ಟ ಪ್ಯಾಟರ್ನಿಗೆ ಒಂದೂ ಫೈಲು ಸಿಗದಿದ್ದರೆ ಬ್ಯಾಷ್ (ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರೋ ಶೆಲ್) ಅದನ್ನ ಹಾಗೇ ದಾಟಿಸಿಬಿಡುತ್ತೆ. ಅದಕ್ಕೇ ಬೇರೆ ಫೋಲ್ಡರಿನಲ್ಲಿ ನಿಂತು ಓಡಿಸಿದಾಗ ಸರಿಯಾಗಿದ್ದ ಪ್ರೋಗ್ರಾಮ್ ಡೇಟಾ ಫೋಲ್ಡರಿನಲ್ಲಿ ನಿಂತು ಓಡಿಸಿದಾಗ ಕೆಡೋದು. ಮ್ಯಾಕ್‌ನಲ್ಲಿ ಈಗ ಇರೋ ಝಡ್‌ಶೆಲ್ ಹಾಗೆ ದಾಟಿಸಲ್ಲ, ಏನೂ ಸಿಗಲಿಲ್ಲ ಅಂತ ಅಲ್ಲೇ ನಿಲ್ಲಿಸುತ್ತೆ.

(ಬಿಡಿಸೋ ಕೆಲಸ ಮೊದಲಿಂದಲೂ ಶೆಲ್ಲಿನ ಒಳಗೇ ಇರಲಿಲ್ಲ. 1971ರ ಮೊದಲ ಯುನಿಕ್ಸ್‌ನಲ್ಲಿ ಗ್ಲಾಬ್ ಅನ್ನೋ ಬೇರೆ ಪ್ರೋಗ್ರಾಮೇ ಇತ್ತು, ಶೆಲ್ ಅದನ್ನ ಕರೀತಿತ್ತು. ಸಿ ಲೈಬ್ರರಿಯ ಗ್ಲಾಬ್ ಫಂಕ್ಷನ್ನಿಗೆ ಹೆಸರು ಬಂದಿರೋದು ಅಲ್ಲಿಂದಲೇ.)

ಈಗ ಜೂನ್ ಬಿಟ್ಟು ಮಿಕ್ಕಿದ್ದೆಲ್ಲಾ ಬಂದ ಕಥೆ. ಎಫ್‌ಎನ್‌ಮ್ಯಾಚ್ ಹೊಂದಿದರೆ 0 ಕೊಡುತ್ತೆ, ಹೊಂದದಿದ್ದರೆ ಎಫ್‌ಎನ್‌ಎಂ_ನೋಮ್ಯಾಚ್, ಅಂದ್ರೆ ಸೊನ್ನೆಯಲ್ಲದ ಒಂದು ಅಂಕೆ. ನೀವು ಇಫ್ ಒಳಗೆ ನೇರ ಕರೆದಿದ್ದೀರಿ, ಸಿ ಭಾಷೆಗೆ 0 ಅಂದ್ರೆ ಸುಳ್ಳು, ಎಲ್ಲಾ ತಿರುಗುಮುರುಗು ಆಯ್ತು. ಎರಡು ಸ್ಟ್ರಿಂಗ್ ಹೋಲಿಸೋ ಎಸ್‌ಟಿಆರ್‌ಸಿಎಂಪಿ ಥರಾನೇ ಇದೂ, ಮುಂದೆ ‘== 0’ ಬರೆಯಲೇಬೇಕು. ಆಶ್ಚರ್ಯಸೂಚಕ ಹಾಕಿದರೂ ಆಗುತ್ತೆ, ಆದರೆ ಆರು ತಿಂಗಳು ಬಿಟ್ಟು ಓದುವಾಗ ‘!ಎಫ್‌ಎನ್‌ಮ್ಯಾಚ್’ ಅನ್ನೋದು ಹೊಂದಿಲ್ಲ ಅಂತಲೇ ಕಾಣುತ್ತೆ. ಇನ್ನೂ ಒಂದು: ಮೊದಲು ಪ್ಯಾಟರ್ನ್, ಆಮೇಲೆ ಹೆಸರು, ಮೂರನೇದು ಫ್ಲ್ಯಾಗ್. ಮೊದಲೆರಡೂ ಸ್ಟ್ರಿಂಗೇ ಆಗಿರೋದರಿಂದ ಅದಲುಬದಲಾದರೆ ಕಂಪೈಲರ್ ಉಸಿರೆತ್ತಲ್ಲ.

ಪ್ಯಾಟರ್ನ್ ಹೀಗಿರಲಿ: ‘ಮಳೆ-[0-9][0-9][0-9][0-9]-06-[0-9][0-9].ಸಿಎಸ್‌ವಿ’. [0-9] ಅಂದ್ರೆ ಯಾವುದಾದರೂ ಒಂದು ಅಂಕೆ. ಉದ್ದವಾಯ್ತು ನಿಜ. ‘ಮಳೆ-*-06-*.ಸಿಎಸ್‌ವಿ’ ಅಂತ ಚಿಕ್ಕದಾಗಿ ಹಾಕಿದರೂ ಜುಲೈ ಆರನೇ ತಾರೀಕು ಬರಲ್ಲ, ಯಾಕಂದ್ರೆ ಅಲ್ಲಿ 06 ಆದಮೇಲೆ ಗೆರೆ ಇಲ್ಲ, ಚುಕ್ಕಿ ಇದೆ. ಆದರೆ ನಾಳೆ ಯಾರಾದರೂ ‘ಮಳೆ-2024-06-01-ಹಳೇದು.ಸಿಎಸ್‌ವಿ’ ಅಂತ ಕಾಪಿ ಇಟ್ಟರೆ ಅದೂ ಸೇರಿ ಆ ದಿನದ ಮಳೆ ಎರಡು ಸಲ ಕೂಡುತ್ತೆ. ಕೂಡೋ ಲೆಕ್ಕಕ್ಕೆ ನಾನು ಬಿಗಿ ಪ್ಯಾಟರ್ನೇ ಹಾಕೋದು. ಇಷ್ಟಾದರೂ ಪ್ಯಾಟರ್ನಿಗೆ ಕ್ಯಾಲೆಂಡರ್ ಗೊತ್ತಿಲ್ಲ, 06-99 ಅನ್ನೋದನ್ನೂ ಒಪ್ಪುತ್ತೆ. ತಾರೀಕು ನಿಜವಾ ಅಂತ ನೋಡೋಕೆ ಎಸ್‌ಎಸ್‌ಕ್ಯಾನ್‌ಎಫ್‌ನಲ್ಲಿ ಅಂಕೆ ತೆಗೆದು ಪರೀಕ್ಷೆ ಮಾಡಿ. ರೆಗೆಕ್ಸ್ (ಪಠ್ಯ ಹುಡುಕೋ ಇನ್ನೊಂದು ಬಗೆಯ ಪ್ಯಾಟರ್ನ್) ಬಳಸಿದ ಅಭ್ಯಾಸ ಇರೋರಿಗೆ ಒಂದು ಮಾತು: ಇಲ್ಲಿ ಚುಕ್ಕಿ ಬರೀ ಚುಕ್ಕಿ, ಸ್ಟಾರ್ ತನ್ನ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳಲ್ಲ, ‘ಇವು ಬಿಟ್ಟು’ ಅನ್ನೋದಕ್ಕೆ ಬ್ರ್ಯಾಕೆಟ್ ಒಳಗೆ ಮೊದಲು ಆಶ್ಚರ್ಯಸೂಚಕ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು, ಬೇರೆ ಕಮಾಂಡ್ ಓಡಿಸೋ ಪೋಪನ್‌ನಲ್ಲಿ ಫೈಲುಗಳ ಪಟ್ಟಿ ಕೊಡೋ ಎಲ್‌ಎಸ್ ಓಡಿಸಿ ಸಾಲು ಸಾಲು ಓದಿ ಅಂದಿದ್ದಾರೆ. ಬೇಡ ಸರ್. ಫೈಲಿನ ಹೆಸರಲ್ಲಿ ಹೊಸ ಸಾಲಿನ ಅಕ್ಷರವೂ ಬರಬಹುದು, ಆಗ ಒಂದು ಫೈಲು ಎರಡಾಗುತ್ತೆ. ಬಳಸೋರು ಕೊಟ್ಟ ಪ್ಯಾಟರ್ನನ್ನ ಆ ಕಮಾಂಡಿಗೆ ಜೋಡಿಸಿದಿರೋ, ಸೆಮಿಕೋಲನ್ ಹಾಕಿ ಬೇರೆ ಕಮಾಂಡನ್ನೂ ಓಡಿಸಬಹುದು. ಲೈಬ್ರರಿಯಲ್ಲೇ ಇರೋ ಕೆಲಸಕ್ಕೆ ಇದೆಲ್ಲಾ ಯಾಕೆ?

ಲೈಬ್ರರಿಯಲ್ಲಿರೋ ದಾರಿ ಎರಡು. ಗ್ಲಾಬ್ ಫಂಕ್ಷನ್ನಿಗೆ ಪ್ಯಾಟರ್ನ್ ಕೊಟ್ಟರೆ ಫೋಲ್ಡರ್ ತೆಗೆದು, ಹೊಂದಿಸಿ, ಹೆಸರುಗಳನ್ನ ವಿಂಗಡಿಸಿ ಗ್ಲಾಬ್_ಟಿ ಅನ್ನೋ ಸ್ಟ್ರಕ್ಟಿನಲ್ಲಿ ಕೊಡುತ್ತೆ. ಜಿಎಲ್_ಪಾತ್‌ಸಿ ಎಣಿಕೆ, ಜಿಎಲ್_ಪಾತ್‌ವಿ ಹೆಸರುಗಳು. ವಾಪಸ್ ಬಂದ ಬೆಲೆ ನೋಡದೆ ಲೂಪ್ ಹಾಕಬೇಡಿ: ಏನೂ ಸಿಗದಿದ್ದರೆ ಗ್ಲಾಬ್_ನೋಮ್ಯಾಚ್, ಮೆಮೊರಿ ಸಾಲದಿದ್ದರೆ ಗ್ಲಾಬ್_ನೋಸ್ಪೇಸ್. ಮುಗಿದ ಮೇಲೆ ಗ್ಲಾಬ್‌ಫ್ರೀ. ನಿಮ್ಮದು ದಿನಕ್ಕೊಂದು ಫೈಲು, ವರ್ಷಕ್ಕೆ 365. ಇದಕ್ಕೆ ಗ್ಲಾಬ್ ಧಾರಾಳ ಸಾಕು, ತಾರೀಕಿನ ಕ್ರಮದಲ್ಲೇ ಬರೋದು ಇನ್ನೊಂದು ಲಾಭ.

ಆದರೂ ನೀವು ಎಫ್‌ಎನ್‌ಮ್ಯಾಚಿಗೇ ಅಂಟಿಕೊಂಡರೆ ಬೇಡ ಅನ್ನಲ್ಲ, ಹಿಡಿತ ಜಾಸ್ತಿ ಸಿಗುತ್ತೆ. ಫೋಲ್ಡರ್ ತೆಗೆಯೋ ಓಪನ್‌ಡಿಐಆರ್, ಒಂದೊಂದೇ ಫೈಲು ಕೊಡೋ ರೀಡ್‌ಡಿಐಆರ್ ಲೂಪ್, ಒಳಗೆ ಅದರ ಹೆಸರು ಡಿ_ನೇಮ್ ಹೊಂದುತ್ತಾ ನೋಡೋದು, ಕೊನೆಗೆ ಕ್ಲೋಸ್‌ಡಿಐಆರ್. ಹೆಸರುಗಳು ಕ್ರಮದಲ್ಲಿ ಬರಲ್ಲ, ಹೇಗೆ ಬೇಕೋ ಹಾಗೆ ಬರುತ್ತೆ. ಕ್ರಮ ಬೇಕಂದ್ರೆ ಸ್ಕ್ಯಾನ್‌ಡಿಐಆರ್ ಬಳಸಿ, ಅದರ ಫಿಲ್ಟರ್ ಫಂಕ್ಷನ್ ಒಳಗೆ ಎಫ್‌ಎನ್‌ಮ್ಯಾಚ್ ಇಡಿ, ಕೊನೇ ಆರ್ಗ್ಯುಮೆಂಟಾಗಿ ಆಲ್ಫಾಸಾರ್ಟ್ ಕೊಡಿ. ಹುಷಾರು, ಫಿಲ್ಟರ್ ಮಾತ್ರ ಸೊನ್ನೆಯಲ್ಲದ್ದು ಕೊಟ್ಟರೆ ‘ಇರಲಿ’, 0 ಕೊಟ್ಟರೆ ‘ಬೇಡ’. ಎಫ್‌ಎನ್‌ಮ್ಯಾಚಿಗೆ ಪೂರ್ತಿ ಉಲ್ಟಾ. ಇಲ್ಲೂ ‘== 0’ ಬಿಟ್ಟರೆ ಮತ್ತೆ ಜೂನ್ ಬಿಟ್ಟು ಮಿಕ್ಕಿದ್ದೆಲ್ಲಾ.

ಫ್ಲ್ಯಾಗುಗಳಲ್ಲಿ ನಿಮಗೆ ಬೇಕಾಗೋದು ಎರಡೇ. ಎಫ್‌ಎನ್‌ಎಂ_ಪೀರಿಯಡ್ ಹಾಕದಿದ್ದರೆ ಸ್ಟಾರ್ ಚುಕ್ಕಿಯಿಂದ ಶುರುವಾಗೋ ಹೆಸರನ್ನೂ ನುಂಗುತ್ತೆ. ಮ್ಯಾಕ್‌ಗೆ ಸಿಕ್ಕಿಸಿ ತೆಗೆದ ಪೆನ್‌ಡ್ರೈವ್ ನೋಡಿ, ಒಂದೊಂದು ಫೈಲಿನ ಪಕ್ಕ ‘._’ ಅಂತ ಶುರುವಾಗೋ ಜೊತೆ ಫೈಲು ಇರುತ್ತೆ, ಕೊನೆಗೆ ಅದೇ ‘.ಸಿಎಸ್‌ವಿ’. ಬರೀ ‘*.ಸಿಎಸ್‌ವಿ’ ಕೊಟ್ಟರೆ ಆ ಕಸವೂ ಒಳಗೆ ಬರುತ್ತೆ. ಗ್ಲಾಬ್‌ನಲ್ಲಿ ಈ ತೊಂದರೆ ಇಲ್ಲ, ಅದು ಚುಕ್ಕಿ ಫೈಲುಗಳನ್ನ ತಾನೇ ಬಿಡುತ್ತೆ. ಇನ್ನೊಂದು ಎಫ್‌ಎನ್‌ಎಂ_ಪಾತ್‌ನೇಮ್. ಮುಂದೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಪೂರ್ತಿ ಪಾತ್ ಹೊಂದಿಸೋದಾದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಸ್ಟಾರ್ ಸ್ಲ್ಯಾಷ್ ದಾಟಿಕೊಂಡು ಹೋಗುತ್ತೆ. ಎರಡು ಸ್ಟಾರ್ ಹಾಕಿದರೆ ಒಳಫೋಲ್ಡರುಗಳಿಗೂ ಇಳಿಯುತ್ತೆ ಅಂತ ಕೆಲವರು ನಂಬಿದ್ದಾರೆ. ಸಿ ಲೈಬ್ರರಿಯ ಗ್ಲಾಬ್‌ಗೆ ಎರಡು ಸ್ಟಾರೂ ಒಂದೇ, ಒಂದು ಸ್ಟಾರೂ ಒಂದೇ. ಇಳಿಯೋಕೆ ಎನ್‌ಎಫ್‌ಟಿಡಬ್ಲ್ಯು ಇದೆ, ಅದು ಕೊಡೋ ಪಾತಿನ ಕೊನೇ ತುಂಡಿಗೆ ಮಾತ್ರ ಎಫ್‌ಎನ್‌ಮ್ಯಾಚ್ ಹಾಕಿ.

ಈಗ ನೀವು ಕೇಳದೇ ಇರೋದು, ಆದರೆ ನಿಮ್ಮ ಫೈಲಿನ ಹೆಸರು ನೋಡಿದ ಕೂಡಲೇ ನನಗೆ ಹೊಳೆದದ್ದು. ಹೆಸರು ಕನ್ನಡದಲ್ಲಿದೆ. ಪ್ರಶ್ನೆ ಚಿಹ್ನೆ ‘ಒಂದು ಅಕ್ಷರ’ ಅಂತ ಎಲ್ಲಾ ಪಾಠದಲ್ಲೂ ಇರುತ್ತೆ. ಯಾವ ಅಕ್ಷರ? ‘ಮಳೆ’ ನಮಗೆ ಎರಡು ಅಕ್ಷರ. ಯೂನಿಕೋಡಿಗೆ ಅದು ಮ, ಳ, ಆಮೇಲೆ ಎ ಕಾರದ ಚಿಹ್ನೆ, ಒಟ್ಟು ಮೂರು. ಡಿಸ್ಕಿನ ಮೇಲೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್, ಹಾಗಾಗಿ ಒಂಬತ್ತು ಬೈಟ್. ಸಿ ಪ್ರೋಗ್ರಾಮ್ ಶುರುವಾಗೋದು ‘ಸಿ’ ಲೊಕೇಲಿನಲ್ಲಿ (ಲೊಕೇಲ್ ಅಂದ್ರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್), ಅಲ್ಲಿ ಪ್ರಶ್ನೆ ಚಿಹ್ನೆ ಅಂದ್ರೆ ಒಂದು ಬೈಟ್. ‘ಮಳೆ’ಗೆ ಒಂಬತ್ತು ಪ್ರಶ್ನೆ ಚಿಹ್ನೆ ಬೇಕು! ಮೈನ್ ಶುರುವಿನಲ್ಲೇ ಸೆಟ್‌ಲೊಕೇಲ್ ಕರೆದು ಎಲ್‌ಸಿ_ಆಲ್ ಜೊತೆ ಖಾಲಿ ಸ್ಟ್ರಿಂಗ್ ಕೊಡಿ. ಆಗ ಸಿಸ್ಟಮ್ಮಿನ ಯುಟಿಎಫ್-8 ಲೊಕೇಲ್ ಬರುತ್ತೆ, ಮೂರು ಪ್ರಶ್ನೆ ಚಿಹ್ನೆಗೆ ಹೊಂದುತ್ತೆ. ಎರಡಕ್ಕೆ ಮಾತ್ರ ಯಾವತ್ತೂ ಹೊಂದಲ್ಲ. ‘ಸ್ತ್ರೀ’ ಅನ್ನೋ ಒಂದೇ ಅಕ್ಷರಕ್ಕೆ ಆರು ಬೇಕು, ಎಣಿಸಿ ನೋಡಿ: ಸ, ವಿರಾಮ (ಒತ್ತಕ್ಷರ ಮಾಡೋ ಚಿಹ್ನೆ), ತ, ವಿರಾಮ, ರ, ಈ ಕಾರ.

ಬ್ರ್ಯಾಕೆಟ್ ಇನ್ನೂ ಮೋಸ. ಸೆಟ್‌ಲೊಕೇಲ್ ಇಲ್ಲದೆ ‘[ಮಳ]*’ ಅಂತ ಕೊಟ್ಟರೆ ಕನ್ನಡದಲ್ಲಿ ಶುರುವಾಗೋ ಎಲ್ಲಾ ಫೈಲೂ ಬರುತ್ತೆ. ಕಾರಣ, ಬ್ರ್ಯಾಕೆಟ್ ಒಳಗಿನ ಎರಡು ಅಕ್ಷರ ಬೈಟುಗಳಾಗಿ ಒಡೆದು ಹೋಗಿವೆ, ಅದರಲ್ಲಿ ಮೊದಲ ಬೈಟು ಹೆಕ್ಸಿನಲ್ಲಿ ‘ಇ0’, ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟೂ ಅದೇ. ತೆಲುಗು, ಹಿಂದಿ ಹೆಸರುಗಳೂ ಅದೇ ಬೈಟಿನಿಂದ ಶುರು, ಅವೂ ಬರುತ್ತೆ. ಎರರ್ ಬರಲ್ಲ, ಎಚ್ಚರಿಕೆ ಬರಲ್ಲ.

ಇದರಿಂದ ಹೆದರಿ ಹೆಸರನ್ನ ಇಂಗ್ಲಿಷಿಗೆ ಬದಲಾಯಿಸಿ ಅನ್ನೋ ಜನರಲ್ಲಿ ನಾನಿಲ್ಲ. ಕನ್ನಡ ಭಾಗವನ್ನ ಪ್ಯಾಟರ್ನಿನಲ್ಲಿ ಇದ್ದಂತೆ ಬರೆಯಿರಿ, ಬದಲಾಗೋ ಕನ್ನಡ ಭಾಗಕ್ಕೆ ಸ್ಟಾರ್ ಹಾಕಿ, ಪ್ರಶ್ನೆ ಚಿಹ್ನೆ, ಬ್ರ್ಯಾಕೆಟ್ ಏನಿದ್ದರೂ ಅಂಕೆಗಳಿಗೆ ಇರಲಿ. ಹೀಗಿದ್ದರೆ ಲೊಕೇಲ್ ಯಾವುದಿದ್ದರೂ ನಡೆಯುತ್ತೆ, ನಾನು ಮೇಲೆ ಕೊಟ್ಟ ಪ್ಯಾಟರ್ನ್ ಹಾಗೇ ಇದೆ. ತಾರೀಕಿಗೆ ಕನ್ನಡ ಅಂಕೆ ಹಾಕಬೇಡಿ ಅಷ್ಟೇ, ‘೦೬’ ಬೇರೆ, ‘06’ ಬೇರೆ.

ಒಂದು ಗುಂಡಿ ಉಳಿಯಿತು. ‘ಕೊಯ್ಲು’ ಅನ್ನೋದರ ‘ಕೊ’ ಎರಡು ರೀತಿ ಇರಬಹುದು: ಕ ಜೊತೆ ಒ ಕಾರದ ಒಂದೇ ಚಿಹ್ನೆ, ಇಲ್ಲಾ ಎ ಕಾರ ಮತ್ತು ಊ ಕಾರ ಬೇರೆ ಬೇರೆ. ಪರದೆ ಮೇಲೆ ಎರಡೂ ಒಂದೇ. ನಮ್ಮ ಕೀಬೋರ್ಡುಗಳು ಸಾಮಾನ್ಯವಾಗಿ ಮೊದಲನೇದನ್ನ ಕೊಡುತ್ತವೆ, ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನ ಒಡೆದು ಎರಡನೇ ರೀತಿ ಇಡುತ್ತೆ. ಎಫ್‌ಎನ್‌ಮ್ಯಾಚಿಗೆ ಅವು ಬೇರೆ ಬೇರೆ ಹೆಸರು. ದೀರ್ಘ ಈ, ಏ, ಐ, ಓ ಕಾರಗಳಿಗೂ ಇದೇ ಪಾಡು. ‘ಮಳೆ’ಯಲ್ಲಿರೋ ಎ ಕಾರ ಒಡೆಯಲ್ಲ, ನೀವು ಬಚಾವ್. ಬೇರೆಯವರು ಯುಟಿಎಫ್8ಪ್ರೊಕ್ ಅಥವಾ ಐಸಿಯು ಲೈಬ್ರರಿಯಲ್ಲಿ ಪ್ಯಾಟರ್ನ್, ಹೆಸರು ಎರಡನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೊಂದಿಸಿ.

ವಿಂಡೋಸ್‌ನಲ್ಲಿ ಇದನ್ನೇ ಮಾಡಬೇಕು ಅಂತ ಇನ್ನೊಬ್ಬರು ಕೇಳಿದ್ದರು. ಅಲ್ಲಿ ಕಮಾಂಡ್ ಪ್ರಾಂಪ್ಟ್ ಸ್ಟಾರ್ ಬಿಡಿಸಲ್ಲ, ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಎಫ್‌ಎನ್‌ಮ್ಯಾಚೂ ಇಲ್ಲ. ಫೈಂಡ್‌ಫಸ್ಟ್‌ಫೈಲ್ ಇದೆ, ಆದರೆ ಅದು ಹಳೇ ಎಂಟು-ಮೂರು ಅಕ್ಷರದ ಚಿಕ್ಕ ಹೆಸರನ್ನೂ ನೋಡುತ್ತೆ, ಹಾಗಾಗಿ ‘*.ಎಚ್‌ಟಿಎಂ’ ಕೇಳಿದರೆ ‘.ಎಚ್‌ಟಿಎಂಎಲ್’ ಫೈಲೂ ಬರಬಹುದು. ಅಲ್ಲಿ ಹೊಂದಿಸೋ ಫಂಕ್ಷನ್ ನೀವೇ ಬರೆಯೋದು ಮೇಲು, ಮೂವತ್ತು ಸಾಲೂ ಆಗಲ್ಲ. ಸ್ಟಾರ್ ಸಿಕ್ಕಾಗೆಲ್ಲಾ ಫಂಕ್ಷನ್ ತನ್ನನ್ನೇ ಕರೆಯೋ ಥರ ಮಾತ್ರ ಬರೀಬೇಡಿ. ‘*ಅ*ಅ*ಅ*ಅ*ಬ’ ಥರದ ಪ್ಯಾಟರ್ನನ್ನ ಉದ್ದಕ್ಕೆ ಬರೀ ‘ಅ’ ಇರೋ ಹೆಸರಿಗೆ ಕೊಟ್ಟರೆ, ಸ್ಟಾರ್ ಹೆಚ್ಚಿದಂತೆ ಸಮಯ ಗುಣಿಸಿಕೊಂಡು ಹೋಗಿ ಪ್ರೋಗ್ರಾಮ್ ಕೂತುಬಿಡುತ್ತೆ.

ಎರಡೇ ಗುರುತು ಇಟ್ಟುಕೊಂಡರೆ ಸಾಕು: ಕೊನೆಗೆ ಸಿಕ್ಕ ಸ್ಟಾರ್ ಪ್ಯಾಟರ್ನಿನಲ್ಲಿ ಎಲ್ಲಿತ್ತು, ಆಗ ಹೆಸರಲ್ಲಿ ಎಲ್ಲಿದ್ದೆವು. ‘*06.ಸಿಎಸ್‌ವಿ’ ಅನ್ನೋದನ್ನ ‘0605-06.ಸಿಎಸ್‌ವಿ’ಗೆ ಹಿಡಿಯೋಣ. ಸ್ಟಾರ್ ಸಿಕ್ಕಿತು, ಗುರುತು ಹಾಕಿ, ಅದು ಏನೂ ನುಂಗಿಲ್ಲ ಅಂದ್ಕೊಳ್ಳಿ. 0 ಹೊಂದಿತು, 6 ಹೊಂದಿತು, ಮುಂದೆ ಪ್ಯಾಟರ್ನಿನಲ್ಲಿ ಚುಕ್ಕಿ, ಹೆಸರಲ್ಲಿ 0. ತಪ್ಪಿತು. ಗುರುತಿಗೆ ವಾಪಸ್ ಬಂದು ಸ್ಟಾರ್‌ಗೆ ಒಂದು ಅಕ್ಷರ ನುಂಗಿಸಿ ಮತ್ತೆ ಅಲ್ಲಿಂದ. 6, 0, 5, ಗೆರೆ ಹೀಗೆ ಒಂದೊಂದೇ ನುಂಗುತ್ತಾ ಹೋಗಿ ಕೊನೇ 06ಕ್ಕೆ ಬಂದಾಗ ಚುಕ್ಕಿಯೂ ಹೊಂದುತ್ತೆ, ಮಿಕ್ಕಿದ್ದು ಸರಸರ ಮುಗಿಯುತ್ತೆ. ಹೊಸ ಸ್ಟಾರ್ ಸಿಕ್ಕರೆ ಹಳೇ ಗುರುತು ಎಸೆದುಬಿಡಿ, ಹಿಂದಿನ ಸ್ಟಾರ್‌ಗೆ ಮತ್ತೆ ಹೋಗೋ ಅಗತ್ಯ ಬರಲ್ಲ. ಹೆಸರು ಮುಗಿದ ಮೇಲೆ ಪ್ಯಾಟರ್ನಿನಲ್ಲಿ ಸ್ಟಾರುಗಳು ಮಾತ್ರ ಉಳಿದಿದ್ದರೆ ಹೊಂದಿತು ಅಂತಲೇ ಲೆಕ್ಕ, ಇದನ್ನ ಮರೆತರೆ ‘ಮಳೆ*’ಗೆ ಬರೀ ‘ಮಳೆ’ ಹೊಂದಲ್ಲ.

ಸರ್, ‘== 0’ ಮತ್ತು ಕೋಟ್ ಸರಿ ಮಾಡಿದ ಮೇಲೂ ಯಾವುದಾದರೂ ಜೂನ್ ಫೈಲು ತಪ್ಪಿಸಿಕೊಂಡರೆ, ಆ ಹೆಸರನ್ನ ಎಲ್‌ಎಸ್‌ನಿಂದ, ಬೈಟುಗಳನ್ನ ತೋರಿಸೋ ಹೆಕ್ಸ್‌ಡಂಪಿಗೆ ಪೈಪ್ ಮಾಡಿ ಬಂದದ್ದನ್ನ ಇಲ್ಲಿ ಹಾಕಿ. ಕೆಲವು ಕೀಬೋರ್ಡು ಪದದ ಕೊನೆಗೆ ಕಣ್ಣಿಗೆ ಕಾಣದ ಜಾಯಿನರ್ ಅಕ್ಷರ ಸೇರಿಸಿರುತ್ತವೆ, ಬೈಟ್ ನೋಡಿದರೆ ಮಾತ್ರ ಸಿಕ್ಕಿಬೀಳುತ್ತೆ.