ಜಾಮೀನಿಗೆ ಸಹಿ ಹಾಕಲೇ?

ಪ್ರಶ್ನೆ: ನಾನು ಕಾರವಾರದಲ್ಲಿ ಸರಕಾರಿ ನೌಕರ. ಬೈತಖೋಲ ಬಂದರಿನಿಂದ ಮೀನುಗಾರಿಕೆಗೆ ಹೋಗುವ ನನ್ನ ಭಾವಮೈದುನ ದೋಣಿಯ ಎಂಜಿನ್ನಿಗೂ ಬಲೆಗೂ ಸಾಲ ಪಡೆಯುತ್ತಿದ್ದು, ಜಾಮೀನು ನಿಲ್ಲುವಂತೆ ನನ್ನನ್ನು ಕೇಳಿದ್ದಾನೆ. ದೇವರ ಚಿತ್ತ ತಿಳಿಯಲೆಂದು ಪ್ರಾರ್ಥಿಸಿ, ಕಣ್ಣು ಮುಚ್ಚಿ ಬೈಬಲ್ ತೆರೆದೆ. ಮೊದಲ ದಿನದ ವಚನ ಒಪ್ಪಿಕೋ ಎಂಬಂತಿತ್ತು, ಮರುದಿನದ್ದು ಬೇಡವೆಂಬಂತಿತ್ತು. ಒಪ್ಪದಿದ್ದರೆ ಅತ್ತೆಯವರಿಗೆ ನೋವಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಸಹೋದರರೇ, ಬೈಬಲನ್ನು ಹೀಗೆ ತೆರೆದು ನೋಡುವುದನ್ನು ಮೊದಲು ನಿಲ್ಲಿಸಿ, ಅದು ಶಕುನ ಕೇಳಿದಂತೆಯೇ ಸರಿ. ಕೊರತೆಯಿರುವವನು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುವನು ಎಂದು ಯಾಕೋಬನ ಪತ್ರಿಕೆ 1:5ರಲ್ಲಿರುವ ವಾಗ್ದಾನ ಜ್ಞಾನವನ್ನು ಕುರಿತದ್ದು, ಗುರುತನ್ನು ಕುರಿತದ್ದಲ್ಲ. ಗಿಬ್ಯೋನೆಂಬ ಊರಿನಲ್ಲಿ ಅರಸ ಸೊಲೊಮೋನನು ದೇವರಲ್ಲಿ ಬೇಡಿದ್ದನ್ನು ಮೂಲ ಹೀಬ್ರೂ ‘ಆಲಿಸುವ ಹೃದಯ’ ಎಂದೇ ಹೇಳುತ್ತದೆ. ಅದರ ಬೆನ್ನಿಗೇ ಬರುವ ಪ್ರಸಂಗದಲ್ಲಿ ಅವನು ಒಂದೇ ಮಗುವನ್ನು ತನ್ನದೆಂದ ಇಬ್ಬರು ತಾಯಂದಿರ ಮಾತನ್ನೂ ಕೇಳಿಸಿಕೊಂಡ ಬಳಿಕವೇ ಕತ್ತಿ ತರಿಸುತ್ತಾನೆ. ನೀವಾದರೋ ಭಾವಮೈದುನನನ್ನು ಇನ್ನೂ ಏನನ್ನೂ ಕೇಳಿದಂತೆ ಕಾಣುವುದಿಲ್ಲ.

ಹೊಣೆ ನಿಲ್ಲುವುದರ ಬಗ್ಗೆ ಬೈಬಲಿನ ಜ್ಞಾನೋಕ್ತಿಗಳ ಗ್ರಂಥ ಮತ್ತೆಮತ್ತೆ ಎಚ್ಚರಿಸುತ್ತದೆ. ಹೊಣೆಯಾಗಿ ಸಿಕ್ಕಿಕೊಂಡವನು ಕಣ್ಣಿಗೆ ನಿದ್ರೆ ಕೊಡದೆ ಬಿಡಿಸಿಕೊಳ್ಳಲಿ ಎನ್ನುತ್ತದೆ 6ನೆಯ ಅಧ್ಯಾಯ; ತೀರಿಸಲು ಗತಿಯಿಲ್ಲದವನು ಮಲಗಿದ ಹಾಸಿಗೆಯನ್ನೂ ಕಳೆದುಕೊಂಡಾನು ಎನ್ನುತ್ತದೆ 22ನೆಯದು. ಆದರೆ ತಮ್ಮನಾದ ಬೆನ್ಯಾಮೀನನಿಗಾಗಿ ಯೆಹೂದನು ತಂದೆಯ ಮುಂದೆ ಹೊಣೆ ನಿಂತ. ದಾಸನಾಗಿದ್ದ ಒನೇಸಿಮನ ಸಾಲವಿದ್ದರೆ ತನ್ನ ಲೆಕ್ಕಕ್ಕೆ ಹಾಕಬೇಕೆಂದು, ತಾನೇ ತೀರಿಸುವೆನೆಂದು ಅಪೊಸ್ತಲ ಪೌಲನು ಅವನ ಯಜಮಾನ ಫಿಲೆಮೋನನಿಗೆ ಸ್ವಹಸ್ತದಿಂದ ಬರೆದ. ಹಾಗಾದರೆ ಒಪ್ಪಬೇಕೇ? ಅವರಿಬ್ಬರೂ ತಾವೇ ತೆರಬೇಕಾದೀತೆಂದು ತಿಳಿದೇ ಮಾತು ಕೊಟ್ಟವರು. ದಾಕ್ಷಿಣ್ಯಕ್ಕೆ ಸಹಿ ಹಾಕಿ, ಆಮೇಲೆ ಸಂಬಂಧವನ್ನೇ ಮುರಿದುಕೊಂಡವರನ್ನು ನಮ್ಮ ಸಭೆಗಳಲ್ಲಿ ಕಂಡಿದ್ದೇನೆ.

ಜಾಮೀನು ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆದ್ದರಿಂದ ಸಾಲವೆಷ್ಟು, ಈಗಾಗಲೇ ಬೇರೆ ಸಾಲವಿದೆಯೇ, ದೋಣಿಗೆ ವಿಮೆಯಿದೆಯೇ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಕಂತು ಎಲ್ಲಿಂದ ಬರುತ್ತದೆ ಎಂದು ಅವನನ್ನೇ ಕೇಳಿ. ಇದು ಅವಿಶ್ವಾಸವಲ್ಲ, ಪ್ರಾರ್ಥನೆಯ ಮುಂದುವರಿಕೆಯೇ. ಅವನು ಕಟ್ಟದೆ ಹೋದರೆ ಮಕ್ಕಳ ಶುಲ್ಕಕ್ಕೆ ಕೈ ಹಾಕದೆ, ಅವನ ಮೇಲೆ ಕಹಿ ಇಟ್ಟುಕೊಳ್ಳದೆ ನೀವು ಕಟ್ಟಬಲ್ಲಿರಾದರೆ, ಪತ್ನಿಯ ಒಪ್ಪಿಗೆಯೊಡನೆ ಸಹಿ ಹಾಕಿ. ಇಲ್ಲವಾದರೆ ಜಾಮೀನು ಬೇಡ. ಬಲೆಯ ಖರ್ಚಿನಲ್ಲಿ ಕೈಲಾದಷ್ಟನ್ನು ಹಿಂದಕ್ಕೆ ಕೇಳದೆ ಕೊಟ್ಟುಬಿಡಿ.

ಮೇಲಿನಿಂದ ಬರುವ ಜ್ಞಾನ ಶಾಂತಿಯದು, ಸೌಮ್ಯವಾದದ್ದು ಎಂದು ಯಾಕೋಬನೇ 3:17ರಲ್ಲಿ ಹೇಳುತ್ತಾನೆ. ಆದ್ದರಿಂದ ಬೇಡವೆಂದು ನಿರ್ಧರಿಸಿದರೆ ಪತ್ನಿಯ ಬಾಯಿಂದ ಹೇಳಿಸಬೇಡಿ. ನೀವೇ ಅತ್ತೆಯವರ ಮನೆಗೆ ಹೋಗಿ, ಕುಳಿತು, ಕಾರಣವನ್ನು ತಿಳಿಸಿ ಬನ್ನಿ.