‘ಇಲ್ಲಿ ಸ್ವಲ್ಪ ನಿಲ್ಲು’

ಇದು ನಾಲ್ಕನೇ ಸಲ, ಅದಕ್ಕೇ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿದ್ಯಾರ್ಥಿಗಳೂ ಟೀಚರ್‌ಗಳೂ ಒಂದೇ ವೇದಿಕೆ ಮೇಲೆ ಮಾತಾಡುವ ಕಾರ್ಯಕ್ರಮ ಹತ್ತಿರ ಬಂತು ಅಂದರೆ ಶಾಲೆಯ ಆಪ್ತಸಲಹೆಗಾರ್ತಿಯಾದ ನನ್ನ ಕೋಣೆಗೆ ಒಂದು ಮಗು ಬರುತ್ತದೆ. ಜೊತೆಗೊಂದು ಚೀಟಿ: ಸ್ಟೇಜ್ ಫಿಯರ್, ದಯವಿಟ್ಟು ನೋಡಿ.

ಈ ಸಲ ಬಂದದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಚೆನ್ನಾಗಿ ಮಾತಾಡುವವಳು, ಮೊದಲು ಎಷ್ಟೋ ಸಲ ಮೈಕ್ ಹಿಡಿದವಳು. ಆದರೆ ಈ ಸಲ ರಿಹರ್ಸಲ್‌ನಲ್ಲಿ ಮೂರು ಸಲವೂ ಗಂಟಲು ಕಟ್ಟಿತ್ತು.

ನಾನೂ ಚೀಟಿಯನ್ನೇ ನಂಬಿದೆ. ಎರಡು ಸೆಷನ್ ಉಸಿರಾಟ, ನಿಂತುಕೊಳ್ಳುವ ರೀತಿ, ಮೊದಲ ಸಾಲನ್ನು ಗಟ್ಟಿ ಮಾಡಿಕೊಳ್ಳುವುದು, ಇದರಲ್ಲೇ ಹೋಯಿತು. ಮನೋವಿಜ್ಞಾನಿಗಳಾದ ಸವಿಟ್ಸ್‌ಕಿ ಮತ್ತು ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದೆ: ನಮ್ಮ ನಡುಕ ಎದುರಿಗಿದ್ದವರಿಗೆ ಕಾಣುತ್ತಿದೆ ಅಂತ ನಾವು ಅಂದುಕೊಳ್ಳುವಷ್ಟು ಅದು ಕಾಣುವುದಿಲ್ಲ, ಇಷ್ಟನ್ನು ಮೊದಲೇ ತಿಳಿಸಿದರೆ ಜನ ಸ್ವಲ್ಪ ಚೆನ್ನಾಗಿಯೇ ಮಾತಾಡುತ್ತಾರೆ. ಒಳ್ಳೆ ವಿಷಯ, ಎಷ್ಟೋ ಮಕ್ಕಳಿಗೆ ಉಪಯೋಗವಾಗಿದೆ. ಇವಳು ತಲೆ ಆಡಿಸಿದಳು, ಅಷ್ಟೇ.

ಮೂರನೇ ಸೆಷನ್‌ಗೆ ಭಾಷಣದ ಹಾಳೆ ತಾ ಅಂದೆ. ಮೊದಲ ದಿನವೇ ಕೇಳಬೇಕಿತ್ತು, ಕೇಳಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಂಡಿದ್ದಳು. ಟೈಪ್ ಮಾಡಿದ ಎರಡು ಪುಟ. ಎರಡು ವರ್ಷದ ಹಿಂದೆ ಅಪ್ಪ ಮನೆ ಬಿಟ್ಟು ಹೋದದ್ದು, ಅಮ್ಮ ಒಬ್ಬರೇ ನಿಭಾಯಿಸಿದ್ದು, ಅದರಿಂದ ತಾನು ಕಲಿತ ಪಾಠ. ಎರಡನೇ ಪುಟದ ನಡುವೆ, ಅಪ್ಪ ಬಾಗಿಲು ಹಾಕಿಕೊಂಡು ಹೋದ ಸಾಲಿನ ಪಕ್ಕ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿತ್ತು: ಇಲ್ಲಿ ಸ್ವಲ್ಪ ನಿಲ್ಲು. ಅವಳ ಅಕ್ಷರ ಅಲ್ಲ.

‘ಇಲ್ಲೇ ಗಂಟಲು ಕಟ್ಟೋದಾ?’

‘ಹೂಂ. ಇಲ್ಲಿ ನಿಂತರೆ ಜನಕ್ಕೆ ಮುಟ್ಟುತ್ತೆ ಅಂದರು ಟೀಚರ್.’

‘ನಿನಗೆ ಇದನ್ನ ಹೇಳಬೇಕು ಅನ್ನಿಸಿತ್ತಾ?’

ತುಂಬಾ ಹೊತ್ತು ಸುಮ್ಮನಿದ್ದಳು. ಕಂಪಾಸ್ ಬಾಕ್ಸ್ ಮುಚ್ಚಳ ತೆಗೆಯೋದು, ಹಾಕೋದು. ಆಮೇಲೆ ಹೇಳಿದಳು, ಮೊದಲು ತಾನು ಬರೆದುಕೊಟ್ಟ ವಿಷಯವೇ ಬೇರೆಯಂತೆ, ಹಳೇ ಗಡಿಯಾರ ಬಿಚ್ಚಿ ಮತ್ತೆ ಜೋಡಿಸೋದರ ಬಗ್ಗೆ. ಅದು ಚೆನ್ನಾಗಿದೆ, ಆದರೆ ನಿನ್ನ ಹತ್ತಿರ ಇದಕ್ಕಿಂತ ದೊಡ್ಡ ಕಥೆ ಇದೆಯಲ್ಲ ಅಂದರಂತೆ. ಯಾವಾಗಲೋ ಪ್ರಬಂಧದಲ್ಲಿ ಎರಡು ಸಾಲು ಬರೆದದ್ದನ್ನು ಟೀಚರ್ ನೆನಪಿಟ್ಟುಕೊಂಡಿದ್ದರು.

‘ನನ್ನ ತಮ್ಮ ಇದೇ ಸ್ಕೂಲು ಮೇಡಂ, ಆರನೇ ಕ್ಲಾಸು. ಅಪ್ಪ ಕೆಲಸದ ಮೇಲೆ ದೂರ ಹೋಗಿದಾರೆ ಅಂತ ಫ್ರೆಂಡ್ಸ್‌ಗೆಲ್ಲ ಹೇಳಿಕೊಂಡಿದಾನೆ. ಅವತ್ತು ಅವನೂ ಕೂತಿರ್ತಾನೆ.’

ನಾನು ಇನ್ನೂ ಇದನ್ನು ಅರಗಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವಳೇ ಕೇಳಿದಳು, ಕೋಪವೇನೂ ಇರಲಿಲ್ಲ, ಲೆಕ್ಕದ ಡೌಟು ಕೇಳಿದ ಹಾಗೆ: ‘ಅವತ್ತು ಮೂರು ಜನ ಟೀಚರ್ಸೂ ಮಾತಾಡ್ತಾರೆ. ಒಬ್ಬರು ಸಮಯ ಪಾಲನೆ, ಒಬ್ಬರು ಓದುವ ಹವ್ಯಾಸ, ಒಬ್ಬರು ಬಾಹ್ಯಾಕಾಶ. ಯಾರೂ ಮನೆ ವಿಷಯ ಹೇಳಲ್ಲ. ನಾವು ಮಾತ್ರ ಯಾಕೆ ಹೇಳಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇರಲಿಲ್ಲ ಅಂತಲೇ ಹೇಳಿದೆ.

ನಾನು ಕೊಟ್ಟ ಸಲಹೆ ಇಷ್ಟೇ: ಈ ಭಾಷಣ ಮಾಡಬೇಡ. ವೇದಿಕೆ ಬಿಡಬೇಡ, ವಿಷಯ ಬಿಡು. ಗಡಿಯಾರಕ್ಕೆ ವಾಪಸ್ ಹೋಗು. ಮುಂದೆ ಯಾವತ್ತಾದರೂ ಇದನ್ನು ಹೇಳಬೇಕು ಅನ್ನಿಸಿದರೆ ಮೊದಲು ಅಮ್ಮನ ಹತ್ತಿರ, ತಮ್ಮನ ಹತ್ತಿರ ಕೇಳು, ಅದು ಅವರ ಕಥೆಯೂ ಹೌದು. ಇಷ್ಟು ನೇರವಾಗಿ ಮಾಡು, ಮಾಡಬೇಡ ಅಂತ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಆಪ್ತಸಲಹೆಗಾರರು ತೀರ್ಮಾನ ಹೇಳಬಾರದು, ಮಗುವೇ ಕಂಡುಕೊಳ್ಳಬೇಕು ಅಂತ ಪಾಠ. ಆದರೆ ಆ ಕೋಣೆಗೆ ಬರುವ ಮೊದಲೇ ದೊಡ್ಡವರೊಬ್ಬರು ತೀರ್ಮಾನ ಮಾಡಿಬಿಟ್ಟಿದ್ದರು. ಹದಿನಾಲ್ಕರ ಹುಡುಗಿ ತನಗೆ ಮಾರ್ಕ್ಸ್ ಕೊಡುವವರ ಎದುರು ಒಬ್ಬಳೇ ನಿಂತು ಬೇಡ ಅನ್ನಬೇಕಿತ್ತು. ಆ ಕಡೆಗೆ ಒಬ್ಬರು ದೊಡ್ಡವರಿದ್ದಾಗ ಈ ಕಡೆಗೂ ಒಬ್ಬರು ಬೇಕಲ್ವಾ?

ಹಾಗಾದರೆ ನೋವು ಹೇಳಿಕೊಂಡರೆ ಹಗುರ ಆಗಲ್ವಾ ಅಂತ ಕೇಳುತ್ತೀರಿ. ಕೆಲವು ವರ್ಷದ ಹಿಂದೆ ನಾನೇ ಒಬ್ಬ ಹುಡುಗನಿಗೆ ‘ಹೇಳು, ಹಗುರ ಆಗುತ್ತೆ’ ಅಂದಿದ್ದೆ. ಅವನು ಹೇಳಿದ. ಚಪ್ಪಾಳೆ ಬಿತ್ತು, ಟೀಚರ್‌ಗಳು ಕಣ್ಣೊರೆಸಿಕೊಂಡರು. ಮುಂದಿನ ವಾರದಿಂದ ಕಾರಿಡಾರ್‌ನಲ್ಲಿ ಅವನಿಗೆ ಹೆಸರೇ ಬದಲಾಯಿತು, ‘ಆ ಸ್ಪೀಚ್ ಹುಡುಗ’. ಇದು ಈಗಲೂ ನನ್ನನ್ನು ಚುಚ್ಚುತ್ತದೆ. ಆಗ ನನ್ನ ತಲೆಯಲ್ಲಿದ್ದದ್ದು ಮನೋವಿಜ್ಞಾನದ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗ. ಕಾಲೇಜು ವಿದ್ಯಾರ್ಥಿಗಳು ತಮ್ಮ ಕಹಿ ಅನುಭವವನ್ನೂ ಅದರ ಬಗ್ಗೆ ಅನಿಸಿದ್ದನ್ನೂ ದಿನಕ್ಕೆ 15 ನಿಮಿಷದ ಹಾಗೆ ನಾಲ್ಕು ದಿನ ಬರೆದರು. ಬರೆದ ತಕ್ಷಣ ಮನಸ್ಸು ಇನ್ನಷ್ಟು ಕೆಟ್ಟಿತ್ತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಯಿತು. ನಾನು ಮರೆತದ್ದು ಏನಂದರೆ, ಅವರು ಬರೆದದ್ದು ಕೋಣೆಯಲ್ಲಿ ಒಬ್ಬರೇ ಕೂತು, ಬರೆದವರು ಯಾರು ಅಂತ ಹೊರಗೆ ಬರುವುದಿಲ್ಲ ಅನ್ನುವ ಭರವಸೆ ಮೇಲೆ. ಮುನ್ನೂರು ಜನರ ಎದುರು, ಕ್ಯಾಮೆರಾ ಆನ್ ಮಾಡಿಕೊಂಡು ಅಲ್ಲ. ಆ ಪ್ರಯೋಗ ಹೇಳದೇ ಇದ್ದದ್ದನ್ನು ಅದರ ಹೆಸರಲ್ಲಿ ನಾನು ಒಬ್ಬ ಹುಡುಗನಿಗೆ ಹೇಳಿದ್ದೆ.

ಶಾಲೆಗಳನ್ನೂ ಪೂರ್ತಿ ದೂರಲಾರೆ. 2006ರಿಂದ ಟೆಡ್ ಅನ್ನುವ ಅಮೆರಿಕದ ಸಂಸ್ಥೆಯ ವೇದಿಕೆಯ ಮಾತುಗಳು ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತಿವೆ, ಒಳ್ಳೆ ಮಾತು ಅಂದರೆ ಸೋತು ಗೆದ್ದ ಸ್ವಂತ ಕಥೆ ಅನ್ನುವ ಅಚ್ಚು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿ ಮಾತಾಡುವವರು ಹೆಚ್ಚಾಗಿ ದೊಡ್ಡವರು, ಹೇಳಿ ಮುಗಿಸಿ ಅವರವರ ಊರಿಗೆ ಹೋಗುತ್ತಾರೆ. ನಮ್ಮ ಹುಡುಗಿ ಮಾರನೇ ದಿನ ಅದೇ ಬೆಂಚಿನಲ್ಲಿ ಕೂರಬೇಕು.

ಅವಳ ಒಪ್ಪಿಗೆ ತೆಗೆದುಕೊಂಡು ಟೀಚರ್ ಹತ್ತಿರ ಮಾತಾಡಿದೆ. ತಮ್ಮನ ವಿಷಯ ಎತ್ತಲಿಲ್ಲ. ಕೆಟ್ಟವರಲ್ಲ, ಆ ಮಗುವಿನ ಮೇಲೆ ನಿಜವಾದ ಪ್ರೀತಿ ಇದೆ. ಆದರೂ ಸಿಟ್ಟಾದರು. ‘ನೀವು ಮಗುವಿನ ಧೈರ್ಯ ಕುಗ್ಗಿಸ್ತಿದೀರಿ’ ಅಂದರು. ಅವತ್ತು ಅವರದೂ ಮಾತಿತ್ತು, ಸಮಯ ಪಾಲನೆ ಅವರದೇ. ನಾನು ಹುಡುಗಿಯ ಪ್ರಶ್ನೆಯನ್ನು ನನ್ನದು ಮಾಡಿಕೊಂಡು ಕೇಳಿದೆ: ನಿಮ್ಮ ಮನೆಯ ಒಂದು ನೋವನ್ನು ಅವತ್ತು ನೀವು ಹೇಳ್ತೀರಾ?

‘ಅದು ಹೇಗಾಗುತ್ತೆ? ಬೆಳಿಗ್ಗೆ ಎದ್ದು ಅದೇ ಮಕ್ಕಳಿಗೆ ಪಾಠ ಮಾಡಬೇಕಲ್ವಾ?’ ಅಂದರು.

ನಾನೇನೂ ಹೇಳಲಿಲ್ಲ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, ಫೈಲ್ ಎತ್ತಿಕೊಂಡು ಎದ್ದರು. ಎರಡು ದಿನ ಬಿಟ್ಟು ವಿಷಯ ಬದಲಾಯಿಸಲು ಒಪ್ಪಿದರು, ಸಂತೋಷದಿಂದ ಅಲ್ಲ. ಈಗಲೂ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ನಡುವೆ ಸ್ವಲ್ಪ ಬಿಗಿ ಇದೆ. ಇರಲಿ.

ತಾನಾಗಿ ಬಂದು ‘ಇದನ್ನ ಹೇಳಲೇಬೇಕು’ ಅನ್ನುವ ಮಕ್ಕಳೂ ಇದ್ದಾರೆ. ಅವರನ್ನು ನಾನು ತಡೆಯುವುದಿಲ್ಲ. ನಾಳೆ ಯಾರಾದರೂ ಇದೇ ವಿಷಯ ಎತ್ತಿ ರೇಗಿಸಿದರೆ ಏನು ಹೇಳ್ತೀಯ, ವಿಡಿಯೊ ಹತ್ತು ವರ್ಷ ಬಿಟ್ಟು ಸಿಕ್ಕರೆ ಪರವಾಗಿಲ್ವಾ ಅಂತ ಕೇಳುತ್ತೇನೆ. ಕೊನೇ ಕ್ಷಣದಲ್ಲಿ ಬೇಡ ಅನ್ನಿಸಿದರೆ ಓದೋಕೆ ಕೈಯಲ್ಲಿ ಇನ್ನೊಂದು ಭಾಷಣ ಇರಲಿ ಅನ್ನುತ್ತೇನೆ. ಟೀಚರ್‌ಗಳು ಮಾಡಬಹುದಾದ ಸುಲಭ ಕೆಲಸವೂ ಒಂದಿದೆ: ಗಂಟಲು ಒಂದೇ ಸಾಲಿನಲ್ಲಿ ಕಟ್ಟುತ್ತಿದ್ದರೆ ಸ್ಟೇಜ್ ಫಿಯರ್ ಅಂತ ಚೀಟಿ ಬರೆಯುವ ಮೊದಲು ಆ ಸಾಲನ್ನು ಓದಿ ನೋಡಿ.

ಅವಳು ಗಡಿಯಾರದ ಬಗ್ಗೆ ಆರು ನಿಮಿಷ ಮಾತಾಡಿದಳು. ನಡುವೆ ಒಂದು ಕಡೆ ಸಾಲು ಮರೆತು, ‘ಒಂದು ಸ್ಕ್ರೂ ಮಿಕ್ಕಿತು’ ಅಂದು ತಾನೇ ನಕ್ಕಳು, ಎಲ್ಲರೂ ನಕ್ಕರು. ಅಂಥ ದೊಡ್ಡ ಚಪ್ಪಾಳೆಯೇನೂ ಬರಲಿಲ್ಲ.

ಹಳೇ ಭಾಷಣದ ಹಾಳೆ ನನ್ನ ಡ್ರಾಯರ್‌ನಲ್ಲೇ ಉಳಿದಿತ್ತು. ವಾರ ಬಿಟ್ಟು ಬಂದು ಅದನ್ನು ವಾಪಸ್ ಕೇಳಿದಳು. ಕೊಟ್ಟೆ. ನಿಂತುಕೊಂಡೇ ಎರಡನೇ ಪುಟ ತೆಗೆದು, ‘ಮೇಡಂ, ರಬ್ಬರ್ ಇದೆಯಾ?’ ಅಂದಳು.