ಎರಕದ ಒಡವೆಯೋ, ಕೈಕೆಲಸದ ಒಡವೆಯೋ?

ಪ್ರಶ್ನೆ: ಮಗಳ ಮದುವೆಗೆ 40 ಗ್ರಾಂನ ಜೋಡಿ ಬಳೆ ಮಾಡಿಸಬೇಕು. ಅವೆನ್ಯೂ ರಸ್ತೆಯಲ್ಲಿ ವಿಚಾರಿಸಿದಾಗ ಎರಕದ ಬಳೆಗೆ ಮೇಕಿಂಗ್ ಶೇ 12, ಕೈಕೆಲಸಕ್ಕೆ ಶೇ 18 ಅಂದರು. ಹೆಚ್ಚು ಕೊಡುವುದು ದಂಡವೇ?
– ಬಸವನಗುಡಿಯ ಓದುಗರು

ಉತ್ತರ: ಶೇ 6 ಎಂದರೆ 2.4 ಗ್ರಾಂ ಚಿನ್ನದ ಬೆಲೆ. ಮಗಳು ದಿನಾ ಹಾಕಿಕೊಳ್ಳುವ ಬಳೆಯಾದರೆ ಖಂಡಿತ ಕೊಡಿ. ಕೈಕೆಲಸದಲ್ಲಿ ಅಕ್ಕಸಾಲಿಗರು ಚಿನ್ನದ ಗಟ್ಟಿಯನ್ನು ರೋಲರಿಗೆ ಕೊಟ್ಟು, ಕಂಬಚ್ಚಿನ (ಸಾಲು ತೂತುಗಳಿರುವ ಉಕ್ಕಿನ ಪಟ್ಟಿ) ದೊಡ್ಡ ಕಣ್ಣಿನಿಂದ ಸಣ್ಣ ಕಣ್ಣಿಗೆ ತಂತಿ ಎಳೆಯುತ್ತಾ ಹೋಗುತ್ತಾರೆ. ಸೀಳದಿರಲಿ ಎಂದು ನಡುನಡುವೆ ಕಾಯಿಸುತ್ತಾರೆ. ಹೀಗೆ ಒತ್ತಿಸಿಕೊಂಡ, ಬಡಿಸಿಕೊಂಡ ಚಿನ್ನ ಬಿಗಿಯಾಗುತ್ತದೆ. ಎರಕದ ಚಿನ್ನ ಅಚ್ಚಿನೊಳಗೆ ಹೇಗೆ ತಣಿಯಿತೋ ಹಾಗೇ ಉಳಿಯುತ್ತದೆ. 22 ಕ್ಯಾರೆಟ್ ಮೊದಲೇ ಮೆತ್ತಗೆ. ಎರಕದ ತೆಳು ಬಳೆ ನಲ್ಲಿಗೋ ಬಾಗಿಲಿಗೋ ತಗುಲಿದರೆ ಬೇಗ ಸೊಟ್ಟಗಾಗುತ್ತದೆ.

ಕೈಕೆಲಸಕ್ಕೂ ಒಂದು ದುರ್ಬಲ ಜಾಗವಿದೆ: ಬೆಸುಗೆ. ಬಿಳಿಗಾರ ಹಚ್ಚಿ ಕಾಯಿಸಿದ ಕಡೆ ಚಿನ್ನ ಮತ್ತೆ ಮೆತ್ತಗಾಗುತ್ತದೆ. ಆದ್ದರಿಂದ ಬೆಸುಗೆಯಾದ ಮೇಲೆ ಬಳೆಯನ್ನು ಅಳತೆಯ ಕೋಲಿಗೆ ಹಾಕಿ ಸುತ್ತಲೂ ಹದವಾಗಿ ಬಡಿಯಲು ಹೇಳಿ. ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆಯುವ ದಪ್ಪ ಬಳೆಯಾದರೆ ಎರಕವೇ ಸಾಕು.

ಪ್ರಶ್ನೆ: ಕೈಯಲ್ಲಿ ಕೆತ್ತಿದ ನಕಾಶಿ ಪದಕ ಎಂದು ತೋರಿಸಿದರು. ನಂಬುವುದು ಹೇಗೆ?
– ಮಲ್ಲೇಶ್ವರದ ಓದುಗರು

ಉತ್ತರ: ಪದಕವನ್ನು ತಿರುಗಿಸಿ ನೋಡಿ. ಕೈನಕಾಶಿಯಲ್ಲಿ ತೆಳು ತಗಡನ್ನು ಅರಗಿನ ಮೇಲೆ ಕೂರಿಸಿ ಉಳಿಯಿಂದ ಹೊಡೆಯುತ್ತಾರೆ. ಹಾಗಾಗಿ ಮುಂದೆ ಲಕ್ಷ್ಮಿಯ ಕೆನ್ನೆ ಉಬ್ಬಿದ ಕಡೆ ಹಿಂದೆ ಗುಳಿ ಇರುತ್ತದೆ. ಹಿಂದೆ ತಗಡು ಮುಚ್ಚಿ ಬೆಸೆದಿದ್ದರೆ, ಮುಚ್ಚುವ ಮೊದಲೇ ತೋರಿಸಲು ಕೇಳಿ. ಎರಕದ್ದಾದರೆ ಗೆರೆಗಳ ಅಂಚು ಸ್ವಲ್ಪ ಕರಗಿದಂತೆ ಮೊಂಡಾಗಿರುತ್ತದೆ, ಮೂಲೆಗಳಲ್ಲಿ ಮರಳು ಮರಳು ಕಾಣುತ್ತದೆ. ಜುಮುಕಿಯಾದರೆ ಎಡಬಲ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಎರಡರಲ್ಲೂ ಒಂದೇ ಎಲೆಯ ಮೇಲೆ ಒಂದೇ ಸಣ್ಣ ಗೀರು ಇದ್ದರೆ ಅವು ಒಂದೇ ಅಚ್ಚಿನ ಮಕ್ಕಳು.

ತೂಕವೂ ಹೇಳುತ್ತದೆ. ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಎರಕ ಹೊಯ್ಯುವುದು ಕಷ್ಟ, ಮೂಲೆ ತುಂಬುವ ಮೊದಲೇ ಚಿನ್ನ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಅದೇ ಗಾತ್ರದ ತಗಡಿನ ಪದಕ ಹಗುರ. ಮೇಕಿಂಗ್ ಹೆಚ್ಚಿದ್ದರೂ ಒಟ್ಟು ಬಿಲ್ ಕೆಲವೊಮ್ಮೆ ಕಡಿಮೆಯೇ ಬರುತ್ತದೆ.

ಪ್ರಶ್ನೆ: ಎರಕದ ಉಂಗುರದ ಒಂದು ಪ್ರಾಂಗ್ (ಕಲ್ಲು ಹಿಡಿಯುವ ಕೊಂಡಿ) ಐದೇ ತಿಂಗಳಿಗೆ ಮುರಿದು ಕಲ್ಲು ಬಿದ್ದುಹೋಯಿತು. ನಾನೇ ಒರಟಾಗಿ ಬಳಸಿದೆ ಅನ್ನುತ್ತಾರೆ ಅಂಗಡಿಯವರು.
– ಜಯನಗರದ ಓದುಗರು

ಉತ್ತರ: ಮುರಿದ ತುದಿಯನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ, ಅಂಗಡಿಯವರ ಎದುರಿಗೇ ನೋಡಿ. ರಸಗುಲ್ಲದ ಒಳಗಿನಂತೆ ತೂತುತೂತಾಗಿದ್ದರೆ ತಪ್ಪು ಎರಕದ್ದು, ನಿಮ್ಮದಲ್ಲ. ಉಂಗುರದಲ್ಲಿ ಕಲ್ಲು ಕೂರುವ ತಲೆ ದಪ್ಪ, ಸುತ್ತು ತೆಳು. ಚಿನ್ನ ಹರಿದುಬರುವ ದಾರಿಯನ್ನು ತೆಳು ಸುತ್ತಿನ ಕಡೆ ಕೊಟ್ಟರೆ ಆ ಸುತ್ತು ಮೊದಲು ಹೆಪ್ಪುಗಟ್ಟುತ್ತದೆ. ತಲೆ ಕೊನೆಗೆ ತಣಿದು ಕುಗ್ಗುವಾಗ ಅದಕ್ಕೆ ಬೇಕಾದ ಚಿನ್ನ ಬರುವುದಿಲ್ಲ, ಒಳಗೆ ಪೊಳ್ಳು ಉಳಿಯುತ್ತದೆ. ಅಚ್ಚು ಕಟ್ಟಲು ಬಳಸಿದ ಮೇಣ ಪೂರ್ತಿ ಸುಟ್ಟುಹೋಗದಿದ್ದರೂ, ಚಿನ್ನ ಅತಿಯಾಗಿ ಕಾದಿದ್ದರೂ ಅನಿಲ ಸಿಕ್ಕಿಕೊಂಡು ತೂತಾಗುತ್ತದೆ. ಪಾಲಿಶ್ ಇದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಮುರಿದ ಪ್ರಾಂಗ್ ಒಂದನ್ನೇ ಬೆಸೆದರೆ ಪಕ್ಕದ್ದು ಮುರಿಯುವ ಭಯ ಇದ್ದೇ ಇದೆ. ಇಡೀ ತಲೆಯನ್ನು ಕತ್ತರಿಸಿ, ಎಳೆದ ತಂತಿಯಲ್ಲಿ ಮಾಡಿದ ಹೊಸದನ್ನು ಕೂರಿಸಲು ಕೇಳಿ. ಬೆಲೆಬಾಳುವ ಕಲ್ಲಾದರೆ ತಲೆ 18 ಕ್ಯಾರೆಟ್‌ನಲ್ಲಿರಲಿ, 22ಕ್ಕಿಂತ ಅದು ಗಟ್ಟಿ.

ಪ್ರಶ್ನೆ: ಹಾಲ್‌ಮಾರ್ಕ್ ಇದ್ದರೆ ಕೈಕೆಲಸ ಎಂದು ಖಾತರಿಯೇ?
– ವಿಜಯನಗರದ ಓದುಗರು

ಉತ್ತರ: ಇಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 (22 ಕ್ಯಾರೆಟ್, ಅಂದರೆ ಶೇ 91.6 ಚಿನ್ನ), ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಈ ಮೂರೂ ಶುದ್ಧತೆಯ ಮಾತು ಮಾತ್ರ. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಕೈಕೆಲಸಕ್ಕೆಂದು ಹೆಚ್ಚು ದುಡ್ಡು ಕೊಡುತ್ತಿದ್ದರೆ ‘ಕೈಕೆಲಸ’ ಎಂಬ ಪದವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕಲ್ಲಿನ ತೂಕ ಬೇರೆಯಾಗಿರಲಿ, ಮೇಕಿಂಗ್ ಬರೀ ಚಿನ್ನದ ತೂಕಕ್ಕೆ ಬೀಳಲಿ.